ಒಬ್ಬರೇ ಹಾಡಿದ ಪಾರಿಜಾತ

ಶ್ರೀಕೃಷ್ಣ ಪಾರಿಜಾತವನ್ನು ಒಬ್ಬರೇ ಹಾಡುತ್ತಾರೆಂದರೆ ಗೋಕಾಕದ ಕಡೆಯ ಹಳಬರು ಮೊದಲು ನಂಬುವುದಿಲ್ಲ. ಅದು ಮೇಳದ ಆಟ. ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ನಾರದ, ಕೊರವಂಜಿ, ಇವರೆಲ್ಲರನ್ನೂ ಮಾತಿಗೆಳೆಯುವ ಭಾಗವತ, ಹಿಂದೆ ಪೇಟಿ, ತಬಲಾ, ತಾಳ. ರಾತ್ರಿ ಊಟ ಮುಗಿದ ಮೇಲೆ ಶುರುವಾದರೆ ಬೆಳಗಿನ ಜಾವದವರೆಗೂ ನಡೆಯುತ್ತದೆ. ಹರೆಯದಿಂದ ಅದರಲ್ಲಿ ಭಾಗವತಿಕೆ ಮಾಡಿದ ಹಿರಿಯರೊಬ್ಬರು ಈಗ ಪೇಟಿಯೊಂದನ್ನೇ ಮುಂದಿಟ್ಟುಕೊಂಡು ಕುಲಗೋಡದ ಗುಡಿಯ ಕಟ್ಟೆಯ ಮೇಲೆ ಇಡೀ ಕಥೆ ಹಾಡುತ್ತಾರೆಂದು ತಿಳಿದು ಹೊರಟೆ.

ಕುಲಗೋಡಕ್ಕೆ ನೇರ ಹೋಗದೆ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಿಂದ ದಾರಿ ಹಿಡಿದೆ. ಒಬ್ಬರೇ ನಿಂತು ಹಾಡಿ ಸಭೆ ಗೆಲ್ಲುವುದು ಹೇಗೆಂದು ಕನ್ನಡಕ್ಕೆ ತೋರಿಸಿಕೊಟ್ಟ ಕವಿಯ ಊರು ಅದು. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಘಟಪ್ರಭೆಯ ದಂಡೆಯ ಈ ಹಳ್ಳಿಯಲ್ಲಿ. ಬಡತನದಲ್ಲಿ ನಿಂತೇಹೋಗಲಿದ್ದ ಅವರ ಓದಿಗೆ ಆಸರೆಯಾದದ್ದು ಸಾವಳಗಿ ಮಠ. ಅವರ ‘ಹೇಳತೇನ ಕೇಳ’ ಬಂದಾಗ ಈ ಸೀಮೆಯ ಮಾತು, ಲಾವಣಿಯ ಧಾಟಿ ಎರಡೂ ಹೊಸ ಕಾವ್ಯದೊಳಗೆ ತಲೆಯೆತ್ತಿ ನಡೆದುಬಂದವು. ಕಂಬಾರರು ವೇದಿಕೆಯೇರಿದರೆ ಜನ ಕಾಯುವುದು ಭಾಷಣಕ್ಕಲ್ಲ, ಹಾಡಿಗೆ. ವಾದ್ಯವಿಲ್ಲದೆ ಅವರು ಎತ್ತಿದ ದನಿಯಲ್ಲಿ ಬಯಲಾಟದ ಹಿಮ್ಮೇಳವೇ ಇರುತ್ತದೆ. ಅವರೇ ನಿರ್ದೇಶಿಸಿ ಸಂಗೀತ ಕೊಟ್ಟ ‘ಕಾಡುಕುದುರೆ’ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠವೂ ಬಂದಿತು. ಘೋಡಗೇರಿಯ ಹೊಳೆದಂಡೆಯಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ಕಂಬಾರರ ಕೃತಿಗಳಲ್ಲಿ ಬರುವ ಶಿವಾಪುರ ಕಟ್ಟುಕತೆಯ ಊರಾದರೂ ಅದರ ಮಣ್ಣು ಇಲ್ಲಿಯದೇ ಎಂದು ನೋಡಿದ ಕೂಡಲೇ ಅನಿಸಿತು.

ಗೋಕಾಕ ಜಲಪಾತದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ, ಮೇಲೆ ತೂಗುಸೇತುವೆ, ಪಕ್ಕದಲ್ಲಿ ಹಳೆಯ ನೂಲಿನ ಗಿರಣಿ. ತುಂಬು ಮಳೆಗಾಲದಲ್ಲಿ ಪಕ್ಕದವರ ಮಾತೂ ಕೇಳಿಸದಂಥ ಸದ್ದು. ಮೈಕಿಲ್ಲದ ಕಾಲದ ಆಟಗಾರರು ಬಯಲಿನಲ್ಲಿ ಸಾವಿರ ಮಂದಿಯ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡುತ್ತಿದ್ದರೆಂಬುದನ್ನು ಅಲ್ಲಿ ನೆನೆದೆ.

ಅಲ್ಲಿಂದ ಮೂಡಣಕ್ಕೆ ಹೊರಟರೆ ಹೊಳೆ ಹಿಂದುಳಿಯುತ್ತದೆ. ಕೌಜಲಗಿಯ ದಾರಿಯಲ್ಲಿ ಕಬ್ಬು ತೆಳುವಾಗುತ್ತ ಎರೆಹೊಲ, ಜೋಳ ಕಣ್ಣಿಗೆ ಬೀಳುತ್ತವೆ.  ಕೌಜಲಗಿಯ ನಿಂಗಮ್ಮ ಪಾರಿಜಾತದ ಅತಿ ದೊಡ್ಡ ಹೆಸರು. ಹೆಣ್ಣುಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ರಂಗಕ್ಕೆ ಹೆಣ್ಣುಮಗಳೊಬ್ಬಳು ಬಂದು, ಮೇಳ ಕಟ್ಟಿ, ಆಟಕ್ಕೆ ತನ್ನ ಊರಿನ ಹೆಸರನ್ನೇ ಅಂಟಿಸಿದಳು. ಇವತ್ತಿಗೂ ಈ ಭಾಗದಲ್ಲಿ ಯಾರಾದರೂ ಚೆನ್ನಾಗಿ ಹಾಡಿದರೆ ಹಿರಿಯರು ಅಳೆಯುವುದು ಕೌಜಲಗಿ ನಿಂಗಮ್ಮನ ಅಳತೆಯಿಂದಲೇ. ಆಕೆಯ ಊರಿನಲ್ಲಿ ಆಕೆಯ ಹೆಸರಿನ ರಂಗಶಾಲೆಯೊಂದು ನಿತ್ಯ ನಡೆಯಬೇಕು, ಮಕ್ಕಳು ಅಲ್ಲಿ ಪದ ಕಲಿಯಬೇಕು ಎಂಬ ಆಸೆ ನನಗೆ ಬಲವಾಗಿದೆ.

ಕುಲಗೋಡ ಮುಟ್ಟಿದಾಗ ದೀಪ ಹಚ್ಚಿದ್ದರು. ಅಪರಾಳ ತಮ್ಮಣ್ಣನ ಪಾರಿಜಾತವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಡುವ ಆಟವಾಗಿ ತಿದ್ದಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಇದು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಕಥೆ ಇಷ್ಟೇ. ರಾತ್ರಿಯೆಲ್ಲ ಆಡುವಷ್ಟು ಅದರಲ್ಲಿ ತುಂಬಿರುವುದು ಮುನಿಸು, ಮಾತು, ಮರುಮಾತು.

ಹಿರಿಯರು ಕುರ್ಚಿಯ ಮೇಲೆ ಕೂತು ಪೇಟಿಯನ್ನು ಎದುರಿನ ಮೇಜಿನ ಮೇಲೆ ಇರಿಸಿಕೊಂಡಿದ್ದರು. ಬಿಳಿ ಧೋತರ, ತಲೆಗೆ ರುಮಾಲು, ಬಲಗಾಲಿಗೆ ಗೆಜ್ಜೆ. ಎಡಗೈ ತಿದಿ ಒತ್ತುತ್ತಿತ್ತು, ಬಲಗೈ ಮನೆಗಳ ಮೇಲೆ, ತಾಳವೆಲ್ಲ ಕಾಲಿನದು. ಗಣಪತಿಯ ಸ್ತುತಿ ಮುಗಿಸಿ ಕೃಷ್ಣನನ್ನು ಕರೆತಂದಾಗ ಸ್ವರ ಕೆಳಗಿಳಿಯಿತು, ಅವಸರವೇ ಇಲ್ಲ. ಭಾಮೆ ಬಂದಾಗ ಅವರು ಹೆಣ್ಣುದನಿ ಮಾಡಲಿಲ್ಲ. ಸಾಲಿನ ಕೊನೆಯನ್ನು ಮೇಲಕ್ಕೊಯ್ದು ಅಲ್ಲಿ ತಟ್ಟನೆ ತಿದಿ ನಿಲ್ಲಿಸಿದರು. ಬರಿಯ ಕಂಠ ಗಾಳಿಯಲ್ಲಿ ಉಳಿಯಿತು, ಆ ಕಂಠದಲ್ಲಿ ಬಿರುಕೂ ಇತ್ತು. ಮುನಿಸಿಕೊಂಡವಳು ಮುಖ ತಿರುಗಿಸಿದ್ದು ನನಗೆ ಕಂಡಿತು. ಹಿಂದುಸ್ತಾನಿ ರಾಗದ ನೆರಳು ಬಂದು ಹೋಗುತ್ತಿತ್ತು, ಆದರೆ ಅವರು ರಾಗದ ಬೆನ್ನು ಹತ್ತಲಿಲ್ಲ. ಮಾತು ಎಲ್ಲಿ ತಿರುಗಿತೋ ಅಲ್ಲೇ ಸ್ವರವೂ ತಿರುಗಿತು.

ಈ ಆಟದಲ್ಲಿ ಭಾಗವತನೇ ದೂತಿಯೂ ಆಗುತ್ತಾನೆ. ಭಾಮೆಯ ಜೊತೆ ಜಗಳ, ಸಮಾಧಾನ ಎಲ್ಲ ಅವನದೇ. ಇಲ್ಲಿ ಎದುರಿಗೆ ಭಾಮೆ ಇಲ್ಲ. ಹಿರಿಯರು ಪೇಟಿ ನಿಲ್ಲಿಸಿ ಕಟ್ಟೆಯ ಕೆಳಗೆ ಕೂತ ಹೆಣ್ಣುಮಕ್ಕಳ ಕಡೆ ತಿರುಗಿ, “ಏನವ್ವಾ, ಒಂದ ಹೂವಿಗಿ ಇಷ್ಟ ಸಿಟ್ಟೇನ?” ಅಂದರು.

“ಅಕೀಗಿ ಕೊಟ್ಟು ನನಗ ಕೊಡಲಿಲ್ಲಂದ್ರ ಸಿಟ್ಟ ಬರೂದಿಲ್ಲೇನ್ರಿ ಅಜ್ಜಾರ?” ಎಂದು ಒಬ್ಬಾಕೆ ಕೂಗಿದಳು. ಸಭೆಯೆಲ್ಲ ನಕ್ಕಿತು. ಆ ನಗು ಇಳಿಯುವ ಮೊದಲೇ ಅವರು ಭಾಮೆಯ ಮುಂದಿನ ಪದ ಎತ್ತಿಕೊಂಡರು, ಆಕೆಯ ಉತ್ತರವೇ ಪಲ್ಲವಿಯೇನೋ ಎಂಬಂತೆ. ಒಬ್ಬರೇ ಹಾಡಿದ್ದು ನಿಜ, ಆದರೆ ಮೇಳ ಕಡಿಮೆಯಾಗಿರಲಿಲ್ಲ. ಅದು ಕಟ್ಟೆಯ ಮೇಲಿಂದ ಕೆಳಗಿಳಿದು ನಮ್ಮ ನಡುವೆ ಕೂತಿತ್ತು. ಊರಿನವರಿಗೆ ಕಥೆ ಬಾಯಿಪಾಠವಿಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಎಲ್ಲವೂ ಅಷ್ಟೇ ಚೆನ್ನಾಗಿತ್ತೆಂದು ಹೇಳಲಾರೆ. ಕೊರವಂಜಿಯ ಭಾಗಕ್ಕೆ ಕುಣಿತ ಬೇಕೇ ಬೇಕು, ತಬಲಾ ಇಲ್ಲದೆ ಅಲ್ಲಿ ವೇಗ ಏರಲಿಲ್ಲ. ಕೊನೆಯ ಒಪ್ಪಂದವನ್ನೂ ದಣಿದು ಬೇಗ ಮುಗಿಸಿದರು.

ಚಹಾ ಕುಡಿಯುತ್ತ ಕೇಳಿದೆ, “ಅಜ್ಜಾರ, ಮ್ಯಾಳ ಏನಾತ್ರಿ?”

“ಕೆಲವರು ಹ್ವಾದ್ರು, ಕೆಲವರ ಮಕ್ಕಳು ಬ್ಯಾಡಂದ್ರು. ಪದಾ ನನ್ನ ಕೂಡ ಉಳದಾವ. ಅವನ್ನ ಸುಮ್ನ ಹ್ಯಾಂಗ ಕುಂದರಸಲಿ ತಮ್ಮಾ?” ಎಂದರು. ಆಮೇಲೆ ತಿದಿಯ ಹರಕನ್ನು ತೋರಿಸಿ, ರಿಪೇರಿ ಮಾಡುವವರು ಹತ್ತಿರದಲ್ಲಿ ಯಾರೂ ಇಲ್ಲವೆಂದರು.

ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಶರೀಫರ ಪದ ಹಾಡಿದ್ದು ಕೇಳಿ ಜಾನಪದಕ್ಕೆ ಮನಸೋತ ಹುಡುಗ ಹುಡುಗಿಯರು ನಮ್ಮ ನಗರಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ಈ ಕಡೆಗೂ ಬರಬೇಕು. ಮೀರಜ ಮಾರ್ಗದ ಘಟಪ್ರಭಾ ನಿಲ್ದಾಣದಲ್ಲಿ ಇಳಿದರೆ ಗೋಕಾಕ ಹತ್ತಿರ, ಅಲ್ಲಿಂದ ಕೌಜಲಗಿ, ಕುಲಗೋಡದ ಕಡೆ ಬಸ್ಸು. ಜಲಪಾತಕ್ಕೆ ಮಳೆಗಾಲ ಒಳ್ಳೆಯದು, ಆಟಕ್ಕೆ ಸುಗ್ಗಿ ಮುಗಿದ ಮೇಲಿನ ಜಾತ್ರೆಗಳ ಕಾಲ. ಹಾಡಿದವರನ್ನು ಕೇಳಿಯೇ ಧ್ವನಿಮುದ್ರಿಸಿಕೊಳ್ಳಿ, ಅದರ ಒಂದು ಪ್ರತಿಯನ್ನು ಅವರ ಮನೆಗೂ ಮುಟ್ಟಿಸಿ. ಆಟದ ನಡುವೆ ಆಯೇರಿ ಹಾಕುವ ಪದ್ಧತಿ ಇಲ್ಲಿದೆ, ಕೊಟ್ಟವರ ಹೆಸರನ್ನು ಸಭೆಯಲ್ಲಿ ಕೂಗುತ್ತಾರೆ. ನೀವೂ ಕೈಬಿಚ್ಚಿ ಹಾಕಿ. ತಿದಿ ರಿಪೇರಿಗೆ ಆ ಹಣವೇ ಆಗಬೇಕು.