ರೆಸಾರ್ಟ್ ಪಾಯಿಂಟ್ ಬಾಡಿಗೆಗೆ ಕೊಟ್ಟಿರಾ? ತೆರಿಗೆಯ ಲೆಕ್ಕವೂ ಕೈಯಲ್ಲಿರಲಿ

ಮೇ ತಿಂಗಳು ಹತ್ತಿರ ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: ಊರಿಗೆ ಯಾವಾಗ? ಕುರ್ಲಾದಿಂದ ಹೊರಡುವ ಮತ್ಸ್ಯಗಂಧದಲ್ಲಿ ಟಿಕೇಟು ಕನ್‌ಫರ್ಮ್ ಆಯಿತೆಂದರೆ ದೊಡ್ಡ ಕೆಲಸ ಮುಗಿದಂತೆ. ಅಲ್ಲಿ ಮದುವೆ, ಉಪನಯನ, ನೇಮ, ನಾಗನ ಪೂಜೆ, ತಾಯಿ ಮನೆ, ಅತ್ತೆ ಮನೆ ಎಂದು ಸುತ್ತುವಷ್ಟರಲ್ಲಿ ಇದ್ದ ಇಪ್ಪತ್ತು ದಿನದ ರಜೆ ಮುಗಿದುಹೋಗುತ್ತದೆ. ಹೀಗಿರುವಾಗ ಊಟಿ, ಮುನ್ನಾರ್, ಗೋವಾಗಳ ರೆಸಾರ್ಟಿನಲ್ಲಿ ವರ್ಷಕ್ಕೆ ಏಳು ದಿನ ಇರುವ ಹಕ್ಕನ್ನು ದುಡ್ಡು ಕೊಟ್ಟು ಖರೀದಿಸಿದವರ ಗತಿ ಏನು? ಆ ದಿನಗಳು ಹಾಗೆಯೇ ಉಳಿಯುತ್ತವೆ. ವಾರ್ಷಿಕ ಶುಲ್ಕದ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.

ಈ ಮಾತನ್ನು ಬೇರೆಯವರ ಬಗ್ಗೆ ಹೇಳುತ್ತಿಲ್ಲ. ಮಾಲ್ ಒಂದರಲ್ಲಿ ಚೀಟಿ ತುಂಬಿಸಿ, ‘ಉಡುಗೊರೆ ಬಂದಿದೆ, ದಂಪತಿ ಸಮೇತ ಬನ್ನಿ’ ಎಂದು ಕರೆದಾಗ ಹೋಗಿ, ಮೂರು ಗಂಟೆ ಕೂತು, ಕೊನೆಗೆ ಸಹಿ ಹಾಕಿ ಬಂದವರಲ್ಲಿ ನಾನೂ ಒಬ್ಬ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು, ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕಳೆದವನು. ಆದರೂ ಈ ಪಾಯಿಂಟುಗಳ ವಿಷಯದಲ್ಲಿ ಎರಡು ಸಲ ಪೆಟ್ಟು ತಿಂದೆ. ಒಮ್ಮೆ ದಲ್ಲಾಳಿಯಿಂದ, ಇನ್ನೊಮ್ಮೆ ನನ್ನದೇ ಉದಾಸೀನದಿಂದ. ನಮ್ಮವರಲ್ಲಿ ಹಲವರು ಇದೇ ದಾರಿಯಲ್ಲಿ ಇರುವುದರಿಂದ ಈ ನಾಲ್ಕು ಮಾತು.

ಪಾಯಿಂಟ್ ಎಂದರೇನು?

ಹಲವರು ಸೇರಿ ಒಂದೇ ವಿಹಾರಧಾಮವನ್ನು ಸರದಿಯಂತೆ ಬಳಸುವ ಪದ್ಧತಿ ಯುರೋಪಿನಲ್ಲಿ 1960ರ ದಶಕದಲ್ಲಿ ಆರಂಭವಾಯಿತು. ಸ್ವಿಟ್ಜರ್ಲೆಂಡಿನ ಹಪಿಮ್ಯಾಗ್ ಕಂಪೆನಿ ಹುಟ್ಟಿದ್ದು 1963ರಲ್ಲಿ. ಒಬ್ಬರ ವಾರವನ್ನು ಇನ್ನೊಬ್ಬರ ವಾರದೊಡನೆ ಬದಲಾಯಿಸಿಕೊಡುವ ಆರ್‌ಸಿಐ ಸಂಸ್ಥೆ ಅಮೆರಿಕದಲ್ಲಿ 1974ರಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರ ಹಾಲಿಡೇಸ್ 1996ರಲ್ಲಿ ಆರಂಭವಾದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಟೈಮ್‌ಶೇರ್ ಎಂಬ ಶಬ್ದ ಬಂತು.

ಮೊದಲು ನಿಗದಿತ ವಾರ, ನಿಗದಿತ ರೆಸಾರ್ಟ್ ಎಂದಿತ್ತು. ಆಮೇಲೆ ಪಾಯಿಂಟ್ ಅಥವಾ ‘ರೂಮ್ ನೈಟ್’ ಲೆಕ್ಕ ಬಂತು. ಸೀಸನ್, ಕೋಣೆಯ ಗಾತ್ರ, ಸ್ಥಳ ಇವುಗಳ ಮೇಲೆ ಎಷ್ಟು ಪಾಯಿಂಟ್ ಕಳೆಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಸಿಗುವ ಪಾಯಿಂಟಿಗೆ ದೀಪಾವಳಿಯಲ್ಲಿ ಎರಡೇ ದಿನ ಸಿಕ್ಕಿದರೂ ಆಶ್ಚರ್ಯವಿಲ್ಲ. ಮುಖ್ಯ ವಿಷಯವೆಂದರೆ, ಇಂಥ ಹೆಚ್ಚಿನ ಸದಸ್ಯತ್ವಗಳಲ್ಲಿ ನಿಮಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಕಟ್ಟಡದಲ್ಲಿ ಒಂದು ಇಟ್ಟಿಗೆಯೂ ನಿಮ್ಮದಲ್ಲ. ಈ ಮಾತನ್ನು ನೆನಪಿಡಿ, ತೆರಿಗೆಯ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ದಲ್ಲಾಳಿಗಳಲ್ಲಿ ಮೂರು ಬಗೆ

ಉಳಿದ ದಿನಗಳನ್ನು ಬೇರೆಯವರಿಗೆ ಕೊಟ್ಟು ವಾರ್ಷಿಕ ಶುಲ್ಕವಾದರೂ ಹುಟ್ಟಲಿ ಎಂದು ಯೋಚಿಸುವುದು ಸಹಜ. ಆಗ ಎದುರಾಗುವವರು ದಲ್ಲಾಳಿಗಳು.

ಮೊದಲನೆಯವರು ಕಮಿಷನ್ ಏಜೆಂಟರು. ಗಿರಾಕಿಯನ್ನು ಹುಡುಕಿ, ಅವರು ಕೊಟ್ಟ ಹಣದಲ್ಲಿ ತಮ್ಮ ಪಾಲು ಹಿಡಿದು ಉಳಿದದ್ದನ್ನು ನಿಮಗೆ ಕಳುಹಿಸುತ್ತಾರೆ. ಎರಡನೆಯವರು ಸಗಟಾಗಿ ಕೊಳ್ಳುವವರು. ದಿನಕ್ಕೆ ಇಷ್ಟು ಎಂದು ನಿಮಗೆ ಕೊಟ್ಟುಬಿಡುತ್ತಾರೆ, ಅವರು ಎಷ್ಟಕ್ಕೆ ಮಾರಿದರೆಂಬುದು ನಿಮಗೆ ಗೊತ್ತಾಗುವುದಿಲ್ಲ. ಮೂರನೆಯವರು ಮುಂಗಡ ಶುಲ್ಕ ಕೇಳುವವರು. ಇವರಿಂದ ದೂರವಿರುವುದು ಲೇಸು.

ನಾನು ಮೊದಲು ಸಿಕ್ಕಿಬಿದ್ದದ್ದು ಈ ಮೂರನೆಯವರ ಕೈಗೆ. ಫೋನಿನಲ್ಲಿ ಬಹಳ ನಯವಾದ ಮಾತು. ನನ್ನ ಸದಸ್ಯತ್ವದ ಸಂಖ್ಯೆಯೂ ಅವರಿಗೆ ಗೊತ್ತಿತ್ತು. ಗಿರಾಕಿ ಸಿದ್ಧ ಇದ್ದಾರೆ, 5,000 ರೂ. ನೋಂದಣಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 5,900 ರೂ. ಕಟ್ಟಿದರೆ ವಾರದೊಳಗೆ ಬಾಡಿಗೆ ಬರುತ್ತದೆ ಎಂದರು. ಕಟ್ಟಿದೆ. ಮತ್ತೆ ಆ ಫೋನು ಹತ್ತಲಿಲ್ಲ. ‘ದಿನಾ ಗಿರಾಕಿಗಳಿಗೆ ಒಟಿಪಿ ಕೊಡಬೇಡಿ ಎಂದು ಹೇಳುವವರು ನೀವೇ ಅಲ್ಲವಾ?’ ಎಂದು ಹೆಂಡತಿ ಕೇಳಿದಾಗ ಉತ್ತರ ಇರಲಿಲ್ಲ. ಇಂಥ ಮೋಸವಾದರೆ ತಡಮಾಡದೆ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ತಿಳಿಸಬೇಕು. ಕಂಪೆನಿಯ ಸೇವೆಯ ಬಗ್ಗೆ ದೂರಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನೊಂದು ಎಚ್ಚರಿಕೆ. ಅನೇಕ ಕ್ಲಬ್ಬುಗಳು ಅತಿಥಿಗಳನ್ನು ಕಳುಹಿಸಲು ಅನುಮತಿ ಕೊಡುತ್ತವೆ, ಆದರೆ ಹಣಕ್ಕೆ ಬಾಡಿಗೆ ಕೊಡುವುದನ್ನು ಒಪ್ಪುವುದಿಲ್ಲ. ಬದಲಾವಣೆ ಸಂಸ್ಥೆಗಳ ಮೂಲಕ ಪಡೆದ ವಾರವನ್ನು ಮಾರುವುದಕ್ಕೂ ಸಾಮಾನ್ಯವಾಗಿ ನಿಷೇಧವಿರುತ್ತದೆ. ಆದುದರಿಂದ ಮೊದಲು ನಿಮ್ಮ ಕರಾರುಪತ್ರ ಓದಿ, ಸಂಶಯವಿದ್ದರೆ ಕಂಪೆನಿಗೆ ಇಮೇಲ್ ಬರೆದು ಉತ್ತರ ತೆಗೆದಿಟ್ಟುಕೊಳ್ಳಿ. ಅತಿಥಿ ಟಿ.ವಿ. ಒಡೆದರೂ, ಬಿಲ್ಲು ಕೊಡದೆ ಹೋದರೂ ಕಂಪೆನಿ ಹಿಡಿಯುವುದು ಸದಸ್ಯನನ್ನೇ.

‘ನನ್ನದೇ ಹಣ, ಯಾವ ತೆರಿಗೆ?’

ನಮ್ಮ ಶಾಖೆಗೆ ಬರುವ ಒಬ್ಬ ಹೊಟೇಲ್ ಮಾಲಕರು ಒಮ್ಮೆ ಕೇಳಿದರು: ‘ಸರ್, ನಾನು ಕಟ್ಟಿದ ಹಣವನ್ನೇ ಸ್ವಲ್ಪ ಸ್ವಲ್ಪ ವಾಪಸ್ ಪಡೆಯುತ್ತಾ ಇದ್ದೇನೆ. ಇದರಲ್ಲಿ ಆದಾಯ ಎಲ್ಲಿ ಬಂತು?’ ಪ್ರಶ್ನೆ ನ್ಯಾಯವಾದದ್ದೇ. ಲಕ್ಷಗಟ್ಟಲೆ ಕಟ್ಟಿದವನಿಗೆ ಇಪ್ಪತ್ತು ಸಾವಿರ ಬಂದರೆ ಅದು ಲಾಭ ಎಂದು ಅನಿಸುವುದಿಲ್ಲ. ಆದರೆ ಕಾನೂನು ಹಾಗೆ ನೋಡುವುದಿಲ್ಲ. ಸದಸ್ಯತ್ವಕ್ಕೆ ಕೊಟ್ಟ ಹಣ ಬಂಡವಾಳ. ಅದನ್ನು ಬಾಡಿಗೆಯಿಂದ ಕಳೆಯಲು ಬರುವುದಿಲ್ಲ. ಬಾಡಿಗೆಯಾಗಿ ಬಂದದ್ದು ಆ ವರ್ಷದ ಆದಾಯ.

ಇದು ಯಾವ ಆದಾಯ? ಮನೆ ಬಾಡಿಗೆಯ ಹಾಗೆ ‘ಮನೆ ಆಸ್ತಿಯ ಆದಾಯ’ ಎಂದು ತೋರಿಸಿ, ಶೇ. 30 ರಿಯಾಯಿತಿ ಪಡೆಯಬಹುದೆಂದು ಕೆಲವರು ತಿಳಿದಿದ್ದಾರೆ. ಆ ಶೀರ್ಷಿಕೆ ಕಟ್ಟಡದ ಒಡೆಯನಿಗೆ. ಬರೀ ಬಳಕೆಯ ಹಕ್ಕಿರುವ ಸದಸ್ಯನು ಸಾಮಾನ್ಯವಾಗಿ ‘ಇತರ ಮೂಲಗಳ ಆದಾಯ’ ಎಂದು ತೋರಿಸಬೇಕು. ಬಂಧುಮಿತ್ರರ ದಿನಗಳನ್ನೂ ಸೇರಿಸಿ ವರ್ಷಪೂರ್ತಿ ಇದನ್ನೇ ಮಾಡುವವರದ್ದು ವ್ಯಾಪಾರದ ಆದಾಯವಾಗುತ್ತದೆ. ಅವರ ರಿಟರ್ನ್ಸ್ ಫಾರ್ಮೇ ಬೇರೆ, ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂ. ದಾಟಿದರೆ ನಮ್ಮ ಮಹಾರಾಷ್ಟ್ರದಲ್ಲಿ ಜಿಎಸ್‌ಟಿ ನೋಂದಣಿಯೂ ಬೇಕು.

1961ರ ಕಾಯಿದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ ‘ಇತರ ಮೂಲಗಳು’ ಎಂಬ ಶೀರ್ಷಿಕೆ ಹಾಗೆಯೇ ಇದೆ. ಆ ಆದಾಯ ಗಳಿಸಲೆಂದೇ ಮಾಡಿದ ಖರ್ಚನ್ನು ಕಳೆಯುವ ಅವಕಾಶವೂ ಇದೆ. ಸದಸ್ಯರ ನೆರವಿಗೆ ಬರುವುದು ಇದೇ ಅವಕಾಶ.

ಒಂದು ಲೆಕ್ಕ

ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ. ವರ್ಷಕ್ಕೆ ಏಳು ದಿನ, ಈ ವರ್ಷದ ವಾರ್ಷಿಕ ಶುಲ್ಕ 21,000 ರೂ. ಅಂದರೆ ದಿನಕ್ಕೆ 3,000 ರೂ. ಮೂರು ದಿನ ಮನೆಯವರು ಹೋದರು, ನಾಲ್ಕು ದಿನ ಬಾಡಿಗೆಗೆ ಕೊಟ್ಟಿರಿ. ಅತಿಥಿ ದಿನಕ್ಕೆ 6,000 ರೂ.ಗಳಂತೆ 24,000 ರೂ. ಕೊಟ್ಟರು.

ದಲ್ಲಾಳಿಯ ಕಮಿಷನ್ ಶೇ. 20ರಂತೆ 4,800 ರೂ., ಅದರ ಮೇಲಿನ ಜಿಎಸ್‌ಟಿ 864 ರೂ. ಅತಿಥಿ ಪತ್ರದ ಶುಲ್ಕ 1,000 ರೂ. ಬಾಡಿಗೆಗೆ ಕೊಟ್ಟ ನಾಲ್ಕು ದಿನಗಳ ವಾರ್ಷಿಕ ಶುಲ್ಕದ ಪಾಲು 12,000 ರೂ. ಒಟ್ಟು ಖರ್ಚು 18,664 ರೂ. ಉಳಿದದ್ದು 5,336 ರೂ. ತೆರಿಗೆ ಇದರ ಮೇಲೆ ಮಾತ್ರ. ಶೇ. 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಸುಮಾರು 1,110 ರೂ. ಇದೇ ಖರ್ಚಿಗೆ ಕಾಗದವಿಲ್ಲದೆ ಪೂರ್ತಿ 24,000 ರೂ.ಗೆ ತೆರಿಗೆ ಕಟ್ಟಬೇಕಾದರೆ 4,992 ರೂ. ಬಿಲ್ಲುಗಳನ್ನು ತೆಗೆದಿಡುವವನಿಗೂ ಇಡದವನಿಗೂ ಇರುವ ವ್ಯತ್ಯಾಸ ಇಷ್ಟು.

ಮನೆಯವರು ಇದ್ದ ಮೂರು ದಿನಗಳ ಶುಲ್ಕವನ್ನು ಇದರಲ್ಲಿ ಸೇರಿಸಬಾರದು. ಅದು ಸ್ವಂತ ಖರ್ಚು. ಖರ್ಚೇ ಹೆಚ್ಚಾಗಿ ನಷ್ಟವಾದರೆ ಅದನ್ನು ಮುಂದಿನ ವರ್ಷಕ್ಕೆ ಒಯ್ಯಲು ಬರುವುದಿಲ್ಲ.

ನಾನು ತೆತ್ತ ದಂಡ

ಇನ್ನು ನನ್ನ ಎರಡನೆಯ ಪೆಟ್ಟಿನ ಕಥೆ. 2020 ಮತ್ತು 2021ರ ಲಾಕ್‌ಡೌನ್ ಕಾಲದಲ್ಲಿ ಎಲ್ಲೂ ಹೋಗಲಾಗದೆ ನಮ್ಮ ದಿನಗಳು ಮುಂದಕ್ಕೆ ಹೋಗಿ ಸೇರಿಕೊಂಡಿದ್ದವು. 2022ರ ಡಿಸೆಂಬರಿನಲ್ಲಿ ಒಬ್ಬ ದಲ್ಲಾಳಿ ಅವುಗಳನ್ನು ಒಟ್ಟಿಗೆ ತೆಗೆದುಕೊಂಡರು. ಮಾತಾದದ್ದು 36,000 ರೂ. ನಾನು ಜಾಣತನವೆಂದು ತಿಳಿದು ಹೆಂಡತಿಯ ಖಾತೆಗೆ ಹಾಕಿಸಿಕೊಂಡೆ. ಬಂದದ್ದು 35,640 ರೂ. 360 ರೂ. ಯಾಕೆ ಕಡಿಮೆ ಎಂದು ಕೇಳಲಿಲ್ಲ, ಏನೋ ಬ್ಯಾಂಕ್ ಚಾರ್ಜು ಇರಬೇಕು ಎಂದುಕೊಂಡೆ. ಬ್ಯಾಂಕಿನವನೇ ಹೀಗೆ ತಿಳಿದರೆ ಉಳಿದವರ ಮಾತೇನು?

ಅದು ಬ್ಯಾಂಕ್ ಚಾರ್ಜಲ್ಲ. ಅವರು ಗುತ್ತಿಗೆಯ ಪಾವತಿ ಎಂದು ಬರೆದು ಶೇ. 1 ಟಿಡಿಎಸ್ ಹಿಡಿದು, ಸದಸ್ಯತ್ವ ಇದ್ದ ನನ್ನ ಪಾನ್ ಸಂಖ್ಯೆಗೆ ಜಮಾ ಮಾಡಿದ್ದರು. 2023ರ ಜುಲೈಯಲ್ಲಿ ನಾನು ಸಂಬಳ ಮತ್ತು ಡಿಪಾಸಿಟ್ ಬಡ್ಡಿ ಮಾತ್ರ ತೋರಿಸಿ ರಿಟರ್ನ್ಸ್ ಹಾಕಿದೆ. ಮರುವರ್ಷ ಇಲಾಖೆಯಿಂದ ಸಂದೇಶ ಬಂತು: ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿರುವ ಮೊತ್ತ ರಿಟರ್ನ್ಸಿನಲ್ಲಿ ಇಲ್ಲ. ಎಐಎಸ್ ಎಂದು ಕರೆಯುವ ಈ ಪಟ್ಟಿ 2021ರ ನವೆಂಬರಿನಿಂದ ಇಲಾಖೆಯ ಪೋರ್ಟಲಿನಲ್ಲಿದೆ. ಅದನ್ನು ತೆರೆದು ನೋಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಸಿಎ ಬಳಿ ಹೋದೆ. ಹೆಂಡತಿಯ ಖಾತೆಗೆ ಬಂದರೂ ಆದಾಯ ಸದಸ್ಯನದ್ದೇ ಎಂದರು. ಕಮಿಷನ್ ಬಿಲ್ಲು ಕೇಳಿದರು, ಇರಲಿಲ್ಲ. ವಾರ್ಷಿಕ ಶುಲ್ಕದ ಪಾಲು ಕೇಳಿದರೆ, ಆ ದಿನಗಳ ಶುಲ್ಕ ಹಿಂದಿನ ವರ್ಷಗಳಲ್ಲಿ ಕಟ್ಟಿದ್ದು, ಆ ವರ್ಷದ ಶುಲ್ಕದ ದಿನಗಳನ್ನು ಮನೆಯವರೇ ಬಳಸಿದ್ದು. ಕೊನೆಗೆ 36,000 ರೂ. ಪೂರ್ತಿ ಆದಾಯವಾಯಿತು. ತೆರಿಗೆ 7,488 ರೂ., ಟಿಡಿಎಸ್ ಕಳೆದು 7,128 ರೂ. ಪರಿಷ್ಕರಿಸುವ ಅವಧಿ ಮುಗಿದಿದ್ದುದರಿಂದ 2024ರ ಡಿಸೆಂಬರಿನಲ್ಲಿ ‘ಅಪ್‌ಡೇಟೆಡ್ ರಿಟರ್ನ್’ ಹಾಕಿ ಶೇ. 25 ಹೆಚ್ಚುವರಿಯಾಗಿ 1,782 ರೂ. ಸೇರಿಸಿ ಒಟ್ಟು 8,910 ರೂ. ಕಟ್ಟಿದೆ. ಮೊದಲಿನ 5,900 ರೂ. ಸೇರಿಸಿದರೆ ಆ ಬಾಡಿಗೆಯಲ್ಲಿ ಉಳಿದದ್ದೆಷ್ಟು ಎಂದು ಓದುಗರೇ ಲೆಕ್ಕ ಹಾಕಲಿ.

ಆದರೂ ಕಟ್ಟಿದ ರಾತ್ರಿ ನಿದ್ದೆ ಬಂತು. ಆದಾಯ ಕಡಿಮೆ ತೋರಿಸಿದರೆ ತೆರಿಗೆಯ ಶೇ. 50, ಬೇಕೆಂದೇ ಸುಳ್ಳು ತೋರಿಸಿದರೆ ಶೇ. 200 ದಂಡ ಎಂಬುದು ಕಾನೂನು. ನಿವೃತ್ತಿಗೆ ಹತ್ತಿರವಾದ ಬ್ಯಾಂಕ್ ನೌಕರನಿಗೆ ಹಣಕ್ಕಿಂತ ಹೆಸರಿನ ಭಯ ದೊಡ್ಡದು.

ಮಾಡಬೇಕಾದದ್ದು ಇಷ್ಟೇ

ದಲ್ಲಾಳಿಯಿಂದ ಅತಿಥಿ ಕೊಟ್ಟ ಮೊತ್ತ, ಕಮಿಷನ್, ಜಿಎಸ್‌ಟಿ, ಟಿಡಿಎಸ್ ಬೇರೆ ಬೇರೆಯಾಗಿ ಬರೆದ ಬಿಲ್ಲು ಪಡೆಯಿರಿ. ಸದಸ್ಯತ್ವ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೇ ಹಣ ಬರಲಿ, ನಗದು ಬೇಡ. ವಾರ್ಷಿಕ ಶುಲ್ಕದ ರಶೀದಿ ಮತ್ತು ಯಾವ ದಿನ ಯಾರು ಇದ್ದರೆಂಬ ಬುಕಿಂಗ್ ಕಾಗದ ಒಂದೇ ಫೈಲಿನಲ್ಲಿರಲಿ. ಜುಲೈಯಲ್ಲಿ ರಿಟರ್ನ್ಸ್ ಹಾಕುವ ಮೊದಲು ಎಐಎಸ್ ಮತ್ತು 26ಎಎಸ್ ತೆರೆದು ಹೋಲಿಸಿ. ದಲ್ಲಾಳಿ ಟಿಡಿಎಸ್ ಹಿಡಿಯದಿದ್ದರೆ ಪಟ್ಟಿಯಲ್ಲಿ ಕಾಣಿಸದು, ಆದರೂ ಆದಾಯ ಆದಾಯವೇ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋಗಿದ್ದರೆ ಅಪ್‌ಡೇಟೆಡ್ ರಿಟರ್ನ್ ಹಾಕುವ ಅವಧಿಯನ್ನು 2025ರ ಬಜೆಟಿನಲ್ಲಿ 24 ತಿಂಗಳಿಂದ 48 ತಿಂಗಳಿಗೆ ಏರಿಸಲಾಗಿದೆ. ತಡವಾದಷ್ಟೂ ಹೆಚ್ಚುವರಿ ಮೊತ್ತ ಶೇ. 25ರಿಂದ ಶೇ. 70ರ ವರೆಗೆ ಏರುತ್ತದೆ.

ಹೊಸ ಪದ್ಧತಿಯಲ್ಲಿ 2025-26ರ ಸಾಲಿನಿಂದ 12 ಲಕ್ಷ ರೂ. ವರೆಗಿನ ಆದಾಯಕ್ಕೆ ರಿಯಾಯಿತಿ ಬಂದಿರುವುದರಿಂದ ನಮ್ಮಲ್ಲಿ ಹಲವರು ಈ ಬಾಡಿಗೆಗೆ ಏನೂ ಕಟ್ಟಬೇಕಾಗಿ ಬರುವುದಿಲ್ಲ. ಹಾಗೆಂದು ತೋರಿಸದೆ ಬಿಡುವುದು ಸರಿಯಲ್ಲ. ಮೊತ್ತ ದೊಡ್ಡದಿದ್ದರೆ ಪರಿಚಯದ ಸಿಎ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಕಳೆದ ವರ್ಷದಿಂದ ನಾವು ಬಾಡಿಗೆಯ ಗೋಜಿಗೆ ಹೋಗಿಲ್ಲ. ಊರಿನಿಂದ ಅಕ್ಕ-ಭಾವನನ್ನು ಕರೆಸಿ ನಾಲ್ಕು ದಿನ ಗೋವಾದಲ್ಲಿ ಒಟ್ಟಿಗೆ ಇದ್ದೆವು. ಎಪ್ಪತ್ತು ದಾಟಿದ ಭಾವ ಮೊದಲ ಸಲ ರೆಸಾರ್ಟಿನಲ್ಲಿ ಉಳಿದದ್ದು. ಅದಕ್ಕೆ ಯಾವ ತೆರಿಗೆಯೂ ಇಲ್ಲ. ಹಾಗೆ ಬಳಸಲು ಸಾಧ್ಯವಾಗದವರು ಬಾಡಿಗೆಗೆ ಕೊಡಲಿ, ತಪ್ಪೇನಿಲ್ಲ. ಆದರೆ ಕಾಗದ ಕೈಯಲ್ಲಿರಲಿ, ಲೆಕ್ಕ ರಿಟರ್ನ್ಸಿನಲ್ಲಿರಲಿ.