ಫೋಟೋ ಬಂತು, ತಿದ್ದಿದ್ದೆಲ್ಲ ಎಲ್ಲಿ ಹೋಯ್ತು?

ನಾನು ಕೋಲಾರ ತಾಲ್ಲೂಕಿನ ಕ್ಯಾಲನೂರಿನವನು. ಮದುವೆ ಫೋಟೋ ತೆಗೆಯೋದು ನನ್ನ ಕೆಲಸ. ಹೊಸ ಕಂಪ್ಯೂಟರ್ ತಗೊಂಡಾಗ ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ ಇವತ್ತಿನ ಮಾತು ಶುರು ಮಾಡ್ತೀನಿ.

ಫೋಟೋಗಳನ್ನೆಲ್ಲ ಹೊಸ ಕಂಪ್ಯೂಟರ್‌ಗೆ ತುಂಬಿಸಿ, ಲೈಟ್‌ರೂಮ್ ಹಾಕ್ಕೊಂಡೆ. ಕೆಲಸ ಮುಗೀತು ಅಂದುಕೊಂಡೆ. ಅದೇ ವಾರ ಪಕ್ಕದೂರಿನ ಹುಡುಗ ಒಬ್ಬ ಬಂದ. "ಅಣ್ಣಾ, ನಮ್ ತಾತ ಹೋಗ್ಬಿಟ್ರು. ಅಕ್ಕನ ಮದುವೆ ಆಲ್ಬಮ್‌ನಲ್ಲಿ ಅವರದೊಂದು ಫೋಟೋ ಐತಲ್ಲ, ಅದನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕಿಸ್ಕೊಡಿ. ಆಲ್ಬಮ್‌ನಲ್ಲಿ ಇರೋ ಹಾಗೇ ಬೇಕು" ಅಂದ.

ಫೋಟೋ ಸಿಕ್ಕಿತು. ಆದರೆ ಶಾಮಿಯಾನದ ಕೆಂಪು ಬಣ್ಣ ತಾತನ ಮುಖದ ಮೇಲೆ ಹಾಗೇ ಕೂತಿತ್ತು. ನಾನು ತಿದ್ದಿದ್ದು ಒಂದೂ ಇರಲಿಲ್ಲ.

ಯಾಕೆ ಹೀಗಾಯ್ತು? ಲೈಟ್‌ರೂಮ್ ಕ್ಲಾಸಿಕ್ ಮೂಲ ಫೋಟೋದ ಬಣ್ಣವನ್ನು ಮುಟ್ಟೋದೇ ಇಲ್ಲ. ಬೆಳಕು ಇಷ್ಟು ಏರಿಸು, ಕೆಂಪು ಇಷ್ಟು ಇಳಿಸು ಅನ್ನೋ ಲೆಕ್ಕವನ್ನು ಬೇರೆ ಒಂದು ಫೈಲ್‌ನಲ್ಲಿ ಬರೆದಿಡುತ್ತೆ. ಅದೇ ಕ್ಯಾಟಲಾಗ್. ನಾನು ಫೋಟೋ ತಂದಿದ್ದೆ, ಲೆಕ್ಕದ ಪುಸ್ತಕ ಹಳೇ ಕಂಪ್ಯೂಟರ್‌ನಲ್ಲೇ ಬಿಟ್ಟಿದ್ದೆ. ಹಾಗಾಗಿ ನೀವು ಕಂಪ್ಯೂಟರ್ ಬದಲಾಯಿಸುವಾಗ ಈ ನಾಲ್ಕನ್ನು ಮರೀಬೇಡಿ.

ಒಂದು, ಕ್ಯಾಟಲಾಗ್. ವಿಂಡೋಸ್‌ನಲ್ಲಾದರೆ ಲೈಟ್‌ರೂಮ್‌ನ ಎಡಿಟ್ ಮೆನುವಿನಲ್ಲಿ 'ಕ್ಯಾಟಲಾಗ್ ಸೆಟ್ಟಿಂಗ್ಸ್' ತೆಗೆದರೆ ಅದು ಎಲ್ಲಿದೆ ಅಂತ ತೋರಿಸುತ್ತೆ. ಫೈಲ್ ಹೆಸರಿನ ಕೊನೆಯಲ್ಲಿ 'ಎಲ್‌ಆರ್‌ಕ್ಯಾಟ್' ಅಂತ ಇರುತ್ತೆ. ಲೈಟ್‌ರೂಮ್ ಮುಚ್ಚಿ, ಆಮೇಲೆ ಆ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ. ಹೊಸ ಕಂಪ್ಯೂಟರ್‌ನಲ್ಲಿ ಆ ಫೈಲ್ ಮೇಲೆ ಎರಡು ಸಲ ಒತ್ತಿದರೆ ಸಾಕು. ಫೋಟೋ ಫೋಲ್ಡರ್ ಪಕ್ಕ ಪ್ರಶ್ನೆ ಚಿಹ್ನೆ ಬಂದರೆ ಹೆದರಬೇಡಿ, ಫೋಟೋ ಇಟ್ಟ ಜಾಗ ಬದಲಾಗಿದೆ ಅಷ್ಟೆ. ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ, 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಒತ್ತಿ, ಹೊಸ ಜಾಗ ತೋರಿಸಿ.

ಎರಡು, ಪ್ರೀಸೆಟ್. ಒಂದೇ ಒತ್ತಿಗೆ ನಿಮ್ಮ ಬಣ್ಣ ಕೊಡೋ ಸೆಟ್ಟಿಂಗ್‌ಗಳು ಇವು. ಸಾಮಾನ್ಯವಾಗಿ ಇವು ಕ್ಯಾಟಲಾಗ್ ಜೊತೆ ಬರಲ್ಲ. ವಿಂಡೋಸ್‌ನಲ್ಲಿ 'ಆ್ಯಪ್‌ಡೇಟಾ' ಅನ್ನೋ ಬಚ್ಚಿಟ್ಟ ಫೋಲ್ಡರ್ ಒಳಗೆ ಇರುತ್ತವೆ. ಹುಡುಕೋ ಕಷ್ಟ ಬೇಡ, ಪ್ರಿಫರೆನ್ಸಸ್‌ನ ಪ್ರೀಸೆಟ್ಸ್ ಪುಟದಲ್ಲಿ ಆ ಫೋಲ್ಡರ್ ತೆರೆಯೋ ಬಟನ್ ಇದೆ.

ಮೂರು, ಫೋಟೋಶಾಪ್‌ನ ಬ್ರಷ್ ಮತ್ತು ಆ್ಯಕ್ಷನ್. ಎಡಿಟ್ ಮೆನುವಿನ ಪ್ರೀಸೆಟ್ಸ್‌ನಲ್ಲಿ ಎಕ್ಸ್‌ಪೋರ್ಟ್, ಇಂಪೋರ್ಟ್ ಎರಡೂ ಇವೆ. ಆ್ಯಕ್ಷನ್‌ಗಳನ್ನು ಅದರ ಪ್ಯಾನೆಲ್‌ನಿಂದಲೂ ಸೇವ್ ಮಾಡಬಹುದು. ಆಗ ಒಂದೊಂದು ಆ್ಯಕ್ಷನ್ ಅಲ್ಲ, ಅದು ಇರೋ ಸೆಟ್ಟನ್ನು ಆರಿಸಿ. ಇಲ್ಲಾಂದ್ರೆ 'ಸೇವ್ ಆ್ಯಕ್ಷನ್ಸ್' ಮಸುಕಾಗೇ ಇರುತ್ತೆ.

ನಾಲ್ಕನೇದು ನಮ್ಮ ಕನ್ನಡದವರಿಗೇ ಬರೋ ಕಷ್ಟ: ಫಾಂಟ್. ಆಲ್ಬಮ್ ಮೇಲಿನ ವಧೂವರರ ಹೆಸರನ್ನು ನುಡಿಯ ಹಳೇ ಫಾಂಟ್‌ನಲ್ಲಿ ಬರೆದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತೆ. ಫಾಂಟ್ ಫೈಲುಗಳನ್ನೂ ಜೊತೆಗೆ ತನ್ನಿ. ಯೂನಿಕೋಡ್‌ನಲ್ಲಿ ಬರೆದಿದ್ದು ಹಳೇ ಫೋಟೋಶಾಪ್‌ನಲ್ಲಿ ಒತ್ತಕ್ಷರ ಬಿಟ್ಟುಕೊಂಡು ನಿಂತರೆ, ಪ್ರಿಫರೆನ್ಸಸ್‌ನ 'ಟೈಪ್'ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆನ್ ಮಾಡಿ, ಫೋಟೋಶಾಪ್ ಮುಚ್ಚಿ ತೆರೆಯಿರಿ.

ಇನ್ನೊಂದು ಮಾತು. ಅಡೋಬಿ ಖಾತೆ ಎರಡು ಕಂಪ್ಯೂಟರ್‌ಗಳಲ್ಲಿ ಮಾತ್ರ ಆ್ಯಕ್ಟಿವ್ ಇರುತ್ತೆ, ಹಳೇದರಲ್ಲಿ ಸೈನ್ ಔಟ್ ಮಾಡಿ. ಆದರೆ ಫಾರ್ಮ್ಯಾಟ್ ಮಾಡೋಕೆ ಅವಸರ ಬೇಡ. ಹೊಸದರಲ್ಲಿ ಹಳೇ ಮದುವೆಯೊಂದನ್ನು ತೆರೆದು, ತಿದ್ದಿದ ಬಣ್ಣ ಬಂತಾ, ಹೆಸರು ಸರಿ ಇದೆಯಾ ನೋಡಿದ ಮೇಲೇ ಅದು.

ನನ್ನ ಪುಣ್ಯ, ಹಳೇದನ್ನು ಮಾರೋಕೆ ಮಾತಾಗಿತ್ತು, ಇನ್ನೂ ಅಳಿಸಿರಲಿಲ್ಲ. ರಾತ್ರಿ ಅದನ್ನೇ ಆನ್ ಮಾಡಿ ಕ್ಯಾಟಲಾಗ್ ತಂದೆ. ತಾತನ ಮುಖಕ್ಕೆ ಅವರದೇ ಬಣ್ಣ ವಾಪಸ್ ಬಂತು. ಹನ್ನೊಂದನೇ ದಿನಕ್ಕೆ ಫ್ರೇಮ್ ಅವರ ಮನೆ ಸೇರಿತು.

ಸರಿ, ಮತ್ತೆ ಸಿಗೋಣ. ಅಷ್ಟರಲ್ಲಿ ನಿಮ್ಮ ಕ್ಯಾಟಲಾಗ್ ಎಲ್ಲಿದೆ ಅಂತ ಒಂದ್ಸಲ ನೋಡ್ಕೊಳ್ಳಿ.