ಬೆಳಕಿನ ಅಂಕೆಯಲ್ಲಿ ಜೀನ್

ಜೀವಕೋಶದ ಎಲ್ಲ ಜೀನ್‌ಗಳೂ ಸದಾ ಕೆಲಸದಲ್ಲಿರುವುದಿಲ್ಲ. ಜೀನ್ ಚಾಲೂ ಆದಾಗಲಷ್ಟೇ ಅದರ ಪ್ರೋಟೀನ್ ತಯಾರಾಗುತ್ತದೆ. ಪ್ರಯೋಗಾಲಯದಲ್ಲಿ ಜೀನನ್ನು ಚಾಲೂ ಮಾಡಲು ರಾಸಾಯನಿಕ ಬೆರೆಸುವುದು ಹಳೆಯ ರೂಢಿ. ಆದರೆ ಒಮ್ಮೆ ಸುರಿದ ರಾಸಾಯನಿಕವನ್ನು ಮತ್ತೆ ಹೊರತೆಗೆಯುವುದು ಕಷ್ಟ. ಬೆಳಕಿಗೆ ಈ ತೊಡಕಿಲ್ಲ. ದೀಪ ಆರಿಸಿದರೆ ಸಾಕು. ಬೇಕಾದ ಜಾಗದ ಮೇಲಷ್ಟೇ ಅದನ್ನು ಬೀಳಿಸಲೂಬಹುದು.

2005ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನ ವಿಜ್ಞಾನಿಗಳು ಬೆಳಕಿನಿಂದ ಜೀನನ್ನು ಅಂಕೆಯಲ್ಲಿಡಬಹುದೆಂದು ಕಣ್ಣಿಗೆ ಕಾಣುವಂತೆ ತೋರಿಸಿದರು. ಕರುಳಿನ ಕತ್ತಲಲ್ಲಿ ಬಾಳುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕೆಂಪು ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಪ್ರೋಟೀನ್ ಇಲ್ಲ. ಸೈನೋಬ್ಯಾಕ್ಟೀರಿಯಾದ ಫೈಟೋಕ್ರೋಮಿನಿಂದ ಬೆಳಕು ಹಿಡಿಯುವ ಭಾಗವನ್ನು ತಂದು, ಇ. ಕೋಲಿಯದೇ ಒಂದು ಸಂವೇದಕ ಪ್ರೋಟೀನಿಗೆ ಕಸಿ ಮಾಡಿದರು. ಅದಕ್ಕೆ ಬೇಕಾದ ವರ್ಣದ್ರವ್ಯ ತಯಾರಿಸುವ ಎರಡು ಜೀನ್‌ಗಳನ್ನೂ ಸೇರಿಸಿದರು. ಕತ್ತಲಲ್ಲಿ ಈ ಸಂವೇದಕ ಒಂದು ಜೀನನ್ನು ಚಾಲೂ ಇಡುತ್ತದೆ. ಆ ಜೀನಿನ ಕಿಣ್ವ, ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವಾದ ಅಗರ್‌ನಲ್ಲಿ ಬೆರೆಸಿದ ವಸ್ತುವನ್ನು ಒಡೆದು ಕಪ್ಪು ಬಣ್ಣ ಹುಟ್ಟಿಸುತ್ತದೆ. ಕೆಂಪು ಬೆಳಕು ಬಿದ್ದಲ್ಲಿ ಸಂವೇದಕ ಸುಮ್ಮನಾಗುತ್ತದೆ, ಬಣ್ಣ ಮೂಡುವುದಿಲ್ಲ. ಬ್ಯಾಕ್ಟೀರಿಯಾಗಳ ಪದರದ ಮೇಲೆ ಚಿತ್ರವೊಂದರ ಬಿಂಬ ಹಾಯಿಸಿದಾಗ, ಅದರ ನೆರಳು-ಬೆಳಕು ಹಾಗೇ ಅಚ್ಚಾಯಿತು. ಒಂದೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿಗೆ ತಾನೇ ಉತ್ತರ ಕೊಟ್ಟಿತ್ತು.

ಇದು ಬರೀ ಚಿತ್ರದ ಸೊಗಸಿಗೆ ನಿಲ್ಲಲಿಲ್ಲ. 2018ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಇದೇ ಉಪಾಯವನ್ನು ಇಂಧನ ತಯಾರಿಕೆಗೆ ತಂದಿತು. ಐಸೊಬ್ಯುಟನಾಲ್ ಎಥನಾಲ್‌ಗಿಂತ ಒಳ್ಳೆಯ ಇಂಧನ. ಆದರೆ ಯೀಸ್ಟ್‌ಗೆ ಅದು ವಿಷ. ಮೇಲಾಗಿ ಸಕ್ಕರೆ ಕೊಟ್ಟರೆ ಯೀಸ್ಟ್ ಎಥನಾಲ್ ಮಾಡುತ್ತಲೇ ಬೆಳೆಯುತ್ತದೆ. ಎಥನಾಲ್ ದಾರಿಯನ್ನೇ ಮುಚ್ಚಿದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗಾಗಿ ಎಥನಾಲ್ ದಾರಿಯ ಜೀನನ್ನು ನೀಲಿ ಬೆಳಕಿಗೂ, ಐಸೊಬ್ಯುಟನಾಲ್ ದಾರಿಯ ಜೀನನ್ನು ಕತ್ತಲಿಗೂ ಜೋಡಿಸಿದರು. ನೀಲಿ ಬೆಳಕಿನಲ್ಲಿ ಯೀಸ್ಟ್ ಹುಲುಸಾಗಿ ಬೆಳೆಯಿತು. ಕತ್ತಲಾದೊಡನೆ ಐಸೊಬ್ಯುಟನಾಲ್ ತಯಾರಿಕೆಗೆ ತೊಡಗಿತು. ನಡುನಡುವೆ ಒಂದಿಷ್ಟು ಹೊತ್ತು ಬೆಳಕು ಕೊಟ್ಟರೆ ಇಳುವರಿ ಹೆಚ್ಚುತ್ತದೆಂದೂ ಕಂಡುಕೊಂಡರು. ಹೀಗೆ ಬೇಕೆಂದಾಗ ಚಾಲನೆ, ಬೇಡವೆಂದಾಗ ತಡೆ ಎನ್ನುವುದು ಬೆರೆಸಿದ ರಾಸಾಯನಿಕದಿಂದ ಸುಲಭವಾಗಿ ಆಗುವ ಮಾತಲ್ಲ.

ಮಿತಿಯೂ ಬೆಳಕಿನಲ್ಲೇ ಇದೆ. ಕೋಶಗಳು ದಟ್ಟವಾದಷ್ಟೂ ಅದು ಒಳಕ್ಕಿಳಿಯುವುದು ಕಡಿಮೆ. ಮಾಂಸಖಂಡದಲ್ಲಿ ಕೆಂಪು ಬೆಳಕು ಒಂದಿಷ್ಟು ಆಳಕ್ಕೆ ಹೋದರೆ, ನೀಲಿ ಬೇಗ ಸೋಲುತ್ತದೆ. ಆದ್ದರಿಂದ ಈ ತಂತ್ರ ಕಾರ್ಖಾನೆ ಸೇರಬೇಕಾದರೆ, ಹೊಸ ಪ್ರೋಟೀನ್ ಹುಡುಕುವಷ್ಟೇ ಶ್ರಮವನ್ನು ದೊಡ್ಡ ತೊಟ್ಟಿಯ ಒಳಗೆಲ್ಲ ಬೆಳಕು ಮುಟ್ಟಿಸುವುದಕ್ಕೂ ಹಾಕಬೇಕು.